ಛತ್ರದ ಕರಾರು: ಬಾಕಿ ಹಣ ಕೊಡುವ ಮುಂಚೆ ಏನೇನು ಬರೆಸಿಕೊಳ್ಳಬೇಕು?

ಪ್ರಶ್ನೆ: ತಂಗಿಯ ಮದುವೆಗೆ ಮೈಸೂರಿನಲ್ಲಿ ಒಂದು ಕಲ್ಯಾಣ ಮಂಟಪ ಗೊತ್ತು ಮಾಡಿದ್ದೇವೆ. ಬಾಡಿಗೆ ಒಂದೂವರೆ ಲಕ್ಷ. ಅಪ್ಪ 50,000 ಅಡ್ವಾನ್ಸ್ ಕೊಟ್ಟಿದ್ದಾರೆ. ಕೈಗೆ ಸಿಕ್ಕಿದ್ದು ಒಂದು ರಸೀದಿ ಮಾತ್ರ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿವೆ, 'ಯಾವುದೇ ಕಾರಣಕ್ಕೂ ಅಡ್ವಾನ್ಸ್ ವಾಪಸ್ ಇಲ್ಲ' ಅಂತಲೂ ಇದೆ. ಬಾಕಿ ಹಣವನ್ನು ಮದುವೆಗೆ ಒಂದು ತಿಂಗಳ ಮುಂಚೆ ಕೊಡಬೇಕಂತೆ. ನಾನು ಇರುವುದು ಬೆಂಗಳೂರಿನಲ್ಲಿ. 'ಇದೆಲ್ಲ ನಂಬಿಕೆ ಮೇಲೆ ನಡೆಯೋದು, ಜಾಸ್ತಿ ಕೇಳಬೇಡ' ಅಂತಾರೆ ಅಪ್ಪ. ಏನೇನು ನೋಡಿಕೊಳ್ಳಬೇಕು? ಮದುವೆ ಮುಂದೆ ಹೋದರೆ ಆ ಹಣ ಹೋದ ಹಾಗೇನಾ?

ಉತ್ತರ:

ಅಡ್ವಾನ್ಸ್ ಕೊಟ್ಟಾಯ್ತು, ಇನ್ನು ಕೇಳಿ ಏನು ಪ್ರಯೋಜನ ಅಂತ ಅಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಇನ್ನೂ ಒಂದು ಲಕ್ಷ ಇದೆ. ಛತ್ರದವರು ನಿಮ್ಮ ಮಾತಿಗೆ ಕಿವಿ ಕೊಡುವುದು ಆ ಹಣ ಕೈ ಬಿಡುವ ತನಕ ಮಾತ್ರ. ಮದುವೆ ದಿನವಂತೂ ಮಾತಾಡುವ ಸ್ಥಿತಿಯೇ ಇರುವುದಿಲ್ಲ. ಮುಹೂರ್ತಕ್ಕೆ ಅರ್ಧ ಗಂಟೆ ಇದೆ, ಬೀಗರು ಬಂದು ಕೂತಿದ್ದಾರೆ, ಆಗ ಮ್ಯಾನೇಜರ್ ಬಂದು 'ಡೀಸೆಲ್‌ಗೆ ಎಂಟು ಸಾವಿರ ಕೊಡಿ, ಇಲ್ಲದಿದ್ರೆ ಜನರೇಟರ್ ಹಾಕಲ್ಲ' ಅಂದರೆ ಯಾವ ಹೆಣ್ಣಿನ ಮನೆಯವರು ವಾದಕ್ಕೆ ನಿಲ್ಲುತ್ತಾರೆ? ಕೊಟ್ಟುಬಿಡುತ್ತಾರೆ. ಮದುವೆ ವ್ಯವಸ್ಥೆಯ ಕೆಲಸದಲ್ಲಿ ನಾನು ನೋಡಿರುವ ಜಗಳಗಳಲ್ಲಿ ಹೆಚ್ಚಿನವು ಬಾಡಿಗೆಗಾಗಿ ಆದವಲ್ಲ. ಬಾಡಿಗೆಯನ್ನು ಎಲ್ಲರೂ ಚೆನ್ನಾಗಿಯೇ ಚೌಕಾಸಿ ಮಾಡಿರುತ್ತಾರೆ. ಜಗಳ ಬರುವುದು ಯಾರೂ ಬರೆಯದೆ ಬಿಟ್ಟ ವಿಷಯಗಳಿಗೆ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ನಂಬಿಕೆ ಇಲ್ಲದೆ ಮದುವೆ ಕೆಲಸ ನಡೆಯುವುದಿಲ್ಲ, ನಿಜ. ಆದರೆ ಅಪ್ಪ ನಂಬಿರುವುದು ಒಬ್ಬ ಮನುಷ್ಯನನ್ನು, ಅಂದರೆ ಅವತ್ತು ಆಫೀಸಿನಲ್ಲಿ ಕೂತಿದ್ದ ಮ್ಯಾನೇಜರ್‌ನನ್ನು. ಮದುವೆ ಹೊತ್ತಿಗೆ ಅವರು ಕೆಲಸ ಬಿಟ್ಟಿರಬಹುದು. ಹೊಸಬರು 'ನನಗೆ ಗೊತ್ತಿಲ್ಲ ಸಾರ್' ಅಂದರೆ ಅವರ ತಪ್ಪೂ ಅಲ್ಲ. 'ನಿಮ್ಮನ್ನು ನಂಬದೆ ಅಲ್ಲ, ನೀವು ಅವತ್ತು ಇಲ್ಲದೆ ಇರಬಹುದು, ಅದಕ್ಕೆ ಬರೆದುಕೊಡಿ' ಅಂತ ಅಪ್ಪನ ಬಾಯಲ್ಲೇ ಹೇಳಿಸಿ. ಹಿರಿಯರು ಹಾಗೆ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ: ನೀವು ಕರಾರು ಮಾಡಿಕೊಳ್ಳುತ್ತಿರುವುದು ಯಾರ ಜೊತೆ? ನಮ್ಮ ಕಡೆ ಎಷ್ಟೋ ಛತ್ರಗಳು ಯಾವುದೋ ಟ್ರಸ್ಟ್ ಅಥವಾ ಸಮುದಾಯದ ಸಂಘದ್ದು. ನಡೆಸುವವರು ಬೇರೆ, ಲೀಸ್‌ಗೆ ತೆಗೆದುಕೊಂಡವರು. ಆ ಲೀಸ್ ನಿಮ್ಮ ಮದುವೆಗಿಂತ ಮುಂಚೆ ಮುಗಿಯುವುದಾದರೆ ಹೊಸದಾಗಿ ಬಂದವರು ಹಳೆಯ ಬುಕಿಂಗ್ ಒಪ್ಪುತ್ತಾರೋ ಇಲ್ಲವೋ. ನೇರವಾಗಿ ಕೇಳಿ, ತಪ್ಪೇನಿಲ್ಲ. ಬಾಕಿ ಹಣವನ್ನು ಛತ್ರದ ಅಥವಾ ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕಿ. ಮ್ಯಾನೇಜರ್‌ನ ಸ್ವಂತ ಫೋನ್‌ಪೇ ನಂಬರಿಗೆ ಬೇಡ. ಕ್ಯಾಶ್ ಕೊಟ್ಟರೆ ಕಡಿಮೆ ಮಾಡ್ತೀವಿ ಅಂದರೆ ಇದು ನೆನಪಿರಲಿ: ಒಂದೇ ಸಮಾರಂಭಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಕಂತಿನಲ್ಲಿ ಕೊಟ್ಟರೂ ಸಮಾರಂಭ ಒಂದೇ ಅಂತ ಲೆಕ್ಕ. ದಂಡ ಬೀಳುವುದು ತೆಗೆದುಕೊಂಡವರ ಮೇಲೆ, ಆದರೆ ಅಡುಗೆ, ಡೆಕೋರೇಷನ್ ಎಲ್ಲ ಛತ್ರದವರಿಂದಲೇ ಮಾಡಿಸಿದರೆ ಮೊತ್ತ ಬೇಗ ಅಲ್ಲಿಗೆ ಮುಟ್ಟುತ್ತದೆ. ನಿಮಗೂ ಬ್ಯಾಂಕಿನ ದಾಖಲೆಯೇ ಮುಂದೆ ಸಾಕ್ಷಿ.

ಈಗ ಸಮಯದ ವಿಷಯ. ರಸೀದಿಯಲ್ಲಿ ಬರೀ ತಾರೀಕು ಇದ್ದರೆ ಸಾಲದು. ಮೈಸೂರು ಕಡೆ ಹಿಂದಿನ ದಿನ ಸಂಜೆ ಆರತಕ್ಷತೆ, ಮಾರನೇ ದಿನ ಬೆಳಗ್ಗೆ ಮುಹೂರ್ತ, ಊಟ. 'ಹಿಂದಿನ ದಿನ ಮಧ್ಯಾಹ್ನ 3ರಿಂದ ಮಾರನೇ ದಿನ 3ರವರೆಗೆ' ಅಂತ ಛತ್ರದವರು ಹೇಳುತ್ತಾರೆ, ಕೇಳಿದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಅವತ್ತು ಬೆಳಗ್ಗೆ ಅಲ್ಲಿ ಇನ್ನೊಬ್ಬರ ಮದುವೆ ಇದ್ದರೆ ಏನಾಗುತ್ತದೆ ನೋಡಿ. ಅವರು ಊಟ ಮುಗಿಸಿ ಹೊರಡುವುದು ನಾಲ್ಕು ಗಂಟೆಗೆ. ಆಮೇಲೆ ಕಸ ಗುಡಿಸಬೇಕು. ನಿಮ್ಮ ಹೂವಿನವರು ಸ್ಟೇಜ್ ಮುಟ್ಟುವುದು ಐದಕ್ಕೆ, ಆರತಕ್ಷತೆ ಆರೂವರೆಗೆ. ಅಡುಗೆಯವರ ಕಷ್ಟ ಇದಕ್ಕಿಂತ ದೊಡ್ಡದು. ರಾತ್ರಿ ಊಟಕ್ಕೆ ಅವರಿಗೆ ಬೆಳಗ್ಗೆಯಿಂದಲೇ ಒಲೆ ಬೇಕು, ತಂದ ದಿನಸಿ ತರಕಾರಿ ಇಡೋಕೆ ಉಗ್ರಾಣದ ಬೀಗದಕೈ ಬೇಕು. ಹಾಗಾಗಿ ಹಾಲ್ ಸಿಗುವ ಸಮಯ, ಸ್ಟೇಜ್ ಸಿಗುವ ಸಮಯ, ಅಡುಗೆಮನೆ ಮತ್ತು ಉಗ್ರಾಣ ಸಿಗುವ ಸಮಯ, ಮೂರನ್ನೂ ಬೇರೆ ಬೇರೆ ಬರೆಸಿ. ಬಿಟ್ಟುಕೊಡುವ ಸಮಯ ದಾಟಿದರೆ ಗಂಟೆಗೆ ಎಷ್ಟು ಅಂತಲೂ ಇರಲಿ. ಅದು ಇಲ್ಲದಿದ್ದರೆ 'ಇನ್ನೊಂದು ದಿನದ ಬಾಡಿಗೆ ಕೊಡಿ' ಅನ್ನುವವರೂ ಇದ್ದಾರೆ.

ಛತ್ರದಲ್ಲಿ ಎರಡು ಮಹಡಿ, ಎರಡು ಹಾಲ್ ಇದ್ದರೆ ನಿಮ್ಮದು ಯಾವುದು ಅಂತ ಹೆಸರು ಹಿಡಿದು ಬರೆಸಿ. ಅದೇ ದಿನ ಇನ್ನೊಂದು ಸಮಾರಂಭ ಇದ್ದರೆ ಊಟದ ಹಾಲ್ ಯಾರಿಗೆ, ಪಾರ್ಕಿಂಗ್ ಯಾರಿಗೆ ಎಷ್ಟು? 'ಸಾವಿರ ಜನ ಹಿಡಿಯುತ್ತೆ' ಅನ್ನುವ ಮಾತನ್ನು ಹಾಗೇ ನಂಬಬೇಡಿ. ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ ಬೀಳುತ್ತದೆ ಕೇಳಿ. 200 ಎಲೆ ಅಂದರೆ ಸಾವಿರ ಜನಕ್ಕೆ ಐದು ಪಂಕ್ತಿ. ಒಂದು ಪಂಕ್ತಿಗೆ ಬಡಿಸಿ, ಉಂಡು, ಎಲೆ ತೆಗೆದು ಒರೆಸುವ ಹೊತ್ತಿಗೆ ಮುಕ್ಕಾಲು ಗಂಟೆ ಅಂತ ಇಟ್ಟುಕೊಂಡರೂ ಕೊನೆಯ ಪಂಕ್ತಿ ಏಳುವಾಗ ಹತ್ತಿರ ಹತ್ತಿರ ನಾಲ್ಕು ತಾಸು ಕಳೆದಿರುತ್ತದೆ. ರಾತ್ರಿ ಏಳೂವರೆಗೆ ಶುರು ಮಾಡಿದರೆ ಹನ್ನೊಂದು ದಾಟುತ್ತದೆ. ಈ ಲೆಕ್ಕ ನೋಡಿದ ಮೇಲೆ ಬಫೆ ಕೌಂಟರ್ ಹಾಕೋಕೆ ಹೊರಗೆ ಜಾಗ ಕೊಡ್ತೀರಾ, ಅದಕ್ಕೆ ಬೇರೆ ದುಡ್ಡಾ ಅಂತ ಈಗಲೇ ಕೇಳಬಹುದು, ಅಲ್ವಾ?

ಇನ್ನು ಬಾಡಿಗೆಯ ಮೇಲೆ ಬರುವ ಖರ್ಚುಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹಣ ಸೋರುವುದು ಇಲ್ಲೇ. ಕರೆಂಟ್ ಬಾಡಿಗೆಯಲ್ಲಿ ಸೇರಿದೆಯಾ, ಮೀಟರ್ ನೋಡಿ ಬೇರೆ ಹಾಕುತ್ತಾರಾ? ಬೇರೆ ಅಂದರೆ ಯೂನಿಟ್‌ಗೆ ಎಷ್ಟು ಅಂತ ಬರೆಸಿ, ಹಾಲ್ ಒಳಗೆ ಕಾಲಿಟ್ಟಾಗ ಮೀಟರ್ ರೀಡಿಂಗ್‌ನ ಫೋಟೋ ತೆಗೆದುಕೊಳ್ಳಿ, ಹೊರಡುವಾಗ ಇನ್ನೊಂದು. ಜನರೇಟರ್ ಕೂಡ ಹಾಗೇ. ಗಂಟೆಗೆ ಎಷ್ಟು, ಅದರಲ್ಲಿ ಡೀಸೆಲ್ ಸೇರಿದೆಯಾ, ಯಾವ ಯಾವ ಲೈನಿಗೆ ಅದು ಕರೆಂಟ್ ಕೊಡುತ್ತದೆ. ಕೆಲವು ಕಡೆ ಜನರೇಟರ್ ಮೇಲೆ ಸ್ಟೇಜ್ ದೀಪ, ಫ್ಯಾನ್ ಮಾತ್ರ ಓಡುತ್ತವೆ, ಲಿಫ್ಟ್ ಮತ್ತು ಎಸಿ ಇಲ್ಲ. ಮಂಡಿ ನೋವಿರುವ ಅಜ್ಜಿ ಮೇಲಿನ ಮಹಡಿಯ ಊಟದ ಹಾಲ್‌ಗೆ ಹತ್ತಬೇಕು ಅಂದಾಗ ಇದು ಸಣ್ಣ ವಿಷಯ ಅಲ್ಲ. ಗ್ಯಾಸ್ ಸಿಲಿಂಡರ್ ಯಾರದು? ಪಾತ್ರೆ ಬಾಡಿಗೆಯಲ್ಲಿ ಸೇರಿದೆಯಾ? ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್ ನೀರಿನ ಹಣ ಯಾರು ಕೊಡುವುದು? ಕ್ಲೀನಿಂಗ್ ಚಾರ್ಜ್, ಕಸ ಸಾಗಿಸುವ ಹಣ, ಸೆಕ್ಯುರಿಟಿಯವರ ಹಣ, ರೂಮುಗಳು ಎಷ್ಟು, ಹಾಸಿಗೆ ದಿಂಬು ಸೇರಿ ಎಷ್ಟು. 'ಬಾಡಿಗೆ ಬಿಟ್ಟು ನಾವು ಕೊಡಬೇಕಾದ ಪ್ರತಿಯೊಂದು ಬಾಬತ್ತು ಈ ಹಾಳೆಯಲ್ಲಿದೆ, ಇದರಲ್ಲಿ ಇಲ್ಲದ್ದನ್ನು ಕೇಳುವುದಿಲ್ಲ' ಅಂತ ಕೊನೆಗೆ ಒಂದು ಸಾಲು ಬರೆಸಿ. ನನ್ನ ಮಟ್ಟಿಗೆ ಇಡೀ ಕರಾರಿನಲ್ಲಿ ಅದೇ ಅತಿ ಬೆಲೆಬಾಳುವ ಸಾಲು.

ಹೊರಗಿನವರನ್ನು ಕರೆಸುವ ವಿಷಯ ಮರೆಯಬೇಡಿ. 'ಡೆಕೋರೇಷನ್ ನಮ್ಮವರೇ ಮಾಡಬೇಕು', 'ಅಡುಗೆ ನಮ್ಮ ಕಂಟ್ರಾಕ್ಟರೇ' ಅನ್ನುವ ಛತ್ರಗಳು ಈಗ ಜಾಸ್ತಿ ಆಗಿವೆ. ನಿಮ್ಮ ಮನೆಗೆ ಅಡುಗೆ ಮಾಡುತ್ತಾ ಬಂದಿರುವ ಭಟ್ಟರನ್ನು ಕರೆಸುವುದಾದರೆ ಛತ್ರದವರಿಗೆ ಏನಾದರೂ ಕಟ್ಟಬೇಕಾ? ಹೂವಿನವರು, ವಾಲಗದವರು, ಫೋಟೋದವರು, ಎಲ್ಇಡಿ ಪರದೆಯವರು, ಒಬ್ಬೊಬ್ಬರ ಬಗ್ಗೆಯೂ ಕೇಳಿ. ಈ ಷರತ್ತು ರಸೀದಿಯಲ್ಲಿ ಇಲ್ಲದೆ, ನೀವು ಭಟ್ಟರಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಹೇಳಿದರೆ ಒಪ್ಪಲೇಬೇಕು ಅಂತೇನಿಲ್ಲ. ಆದರೆ ವಾದ ಮಾಡುವುದಕ್ಕಿಂತ ಮುಂಚೆ ಕೇಳುವುದು ಸುಲಭ.

ಜಿಎಸ್‌ಟಿ. ಹಾಲ್ ಬಾಡಿಗೆಗೆ 18%. ನಿಮ್ಮ ಒಂದೂವರೆ ಲಕ್ಷದ ಮೇಲೆ 27,000. ಒಪ್ಪಿಕೊಂಡ ಬಾಡಿಗೆ ತೆರಿಗೆ ಸೇರಿಯೋ ಬಿಟ್ಟೋ ಅಂತ ಇವತ್ತೇ ಕೇಳಿ. ತೆರಿಗೆ ಹಾಕುವುದಾದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಬೇಕು. ಆ ನಂಬರನ್ನು ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ, ಅದರಿಂದ ಛತ್ರ ನಡೆಸುವವರು ಯಾರು ಅನ್ನುವುದಕ್ಕೂ ಉತ್ತರ ಸಿಗುತ್ತದೆ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ಹೇಳಿ ಹಣ ತೆಗೆದುಕೊಳ್ಳುವ ಹಾಗಿಲ್ಲ. ನೋಂದಾಯಿತ ಧಾರ್ಮಿಕ ಟ್ರಸ್ಟಿನವರು ದೇವಸ್ಥಾನದ ಆವರಣದಲ್ಲಿರುವ ಕಲ್ಯಾಣ ಮಂಟಪವನ್ನು ದಿನಕ್ಕೆ 10,000 ರೂಪಾಯಿಗಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ ತೆರಿಗೆ ಇಲ್ಲ. ನಿಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ: ಮದುವೆ ಮುಂದೆ ಹೋದರೆ?

'ಯಾವುದೇ ಕಾರಣಕ್ಕೂ ವಾಪಸ್ ಇಲ್ಲ' ಅಂತ ಅಚ್ಚು ಹಾಕಿಸಿದ ಮಾತ್ರಕ್ಕೆ ಅದು ಕೊನೆಯ ಮಾತಾಗುವುದಿಲ್ಲ. ಭಾರತೀಯ ಕರಾರು ಕಾಯ್ದೆ, 1872ರ 74ನೇ ಸೆಕ್ಷನ್ ಏನು ಹೇಳುತ್ತದೆ ಅಂದರೆ, ಕರಾರು ಮುರಿದರೆ ಇಷ್ಟು ಹಣ ಅಂತ ಬರೆದಿದ್ದರೂ ಅದು ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾಗಿ ಎಷ್ಟು ಪರಿಹಾರವೋ ಅಷ್ಟೇ ಸಿಗಬೇಕು. 2015ರಲ್ಲಿ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಡಿಸಿ ಹೇಳಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನದ ಹರಾಜಿನಲ್ಲಿ ಬಂದ ಮುಂಗಡ 78 ಲಕ್ಷವನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಆಮೇಲೆ ಅದೇ ನಿವೇಶನವನ್ನು ಇನ್ನೂ ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗಿಲ್ಲ ಅಂದ ಮೇಲೆ ಹಣ ಇಟ್ಟುಕೊಳ್ಳುವ ಹಾಗಿಲ್ಲ, ವಾಪಸ್ ಕೊಡಿ ಅಂದಿತು ಕೋರ್ಟ್. ನಿಮ್ಮ ಛತ್ರಕ್ಕೆ ಇದನ್ನೇ ಹೊಂದಿಸಿ ನೋಡಿ. ನೀವು ಬಿಟ್ಟ ತಾರೀಕನ್ನು ಬೇರೆಯವರು ತೆಗೆದುಕೊಂಡರೆ ಛತ್ರಕ್ಕೆ ಏನು ನಷ್ಟ?

ಹಾಗಂತ ಇದನ್ನು ನಂಬಿಕೊಂಡು ಸುಮ್ನೆ ಇರಬೇಡಿ. 50,000ಕ್ಕಾಗಿ ಯಾರೂ ದೆಹಲಿಗೆ ಹೋಗುವುದಿಲ್ಲ. ಮದುವೆಗೆ ಎರಡು ದಿನ ಇರುವಾಗ ಬೇಡ ಅಂದರೆ ಛತ್ರದವರಿಗೆ ನಿಜವಾಗಿಯೂ ನಷ್ಟ ಆಗುತ್ತದೆ, ಆಗ ಅವರು ಹಣ ಇಟ್ಟುಕೊಳ್ಳುವುದರಲ್ಲಿ ನ್ಯಾಯವೂ ಇದೆ. ಅದಕ್ಕೇ ಎರಡೂ ಕಡೆಗೆ ಹೊಂದುವ ಒಂದು ಲೆಕ್ಕವನ್ನು ಈಗಲೇ ಬರೆಸಿ. ನಾನು ಸಾಮಾನ್ಯವಾಗಿ ಕೇಳುವುದು ಹೀಗೆ: ಮೂರು ತಿಂಗಳ ಮುಂಚೆ ಹೇಳಿದರೆ ಅಡ್ವಾನ್ಸಿನ ಸಣ್ಣ ಭಾಗ ಮಾತ್ರ ಹಿಡಿದುಕೊಳ್ಳಲಿ, ಒಂದರಿಂದ ಮೂರು ತಿಂಗಳ ಒಳಗಾದರೆ ಅರ್ಧ, ತಿಂಗಳೊಳಗೆ ಅಂದರೆ ಪೂರ್ತಿ ಅಡ್ವಾನ್ಸ್. ಆದರೆ ಯಾವಾಗ ಹೇಳಿದರೂ ಆ ತಾರೀಕಿಗೆ ಬೇರೆ ಬುಕಿಂಗ್ ಬಂದರೆ ಪೂರ್ತಿ ವಾಪಸ್ ಕೊಡಬೇಕು. ಮದುವೆ ಸೀಸನ್‌ನ ಮುಹೂರ್ತದ ದಿನಗಳಿಗೆ ಕಾಯುವವರು ಇದ್ದೇ ಇರುತ್ತಾರೆ. ಆದ್ದರಿಂದ ಈ ಮಾತಿಗೆ ಬೆಲೆ ಇದೆ.

ರದ್ದು ಮಾಡುವುದು ಬೇರೆ, ದಿನ ಬದಲಿಸುವುದು ಬೇರೆ. ನಮ್ಮ ಮನೆಗಳಲ್ಲಿ ಮದುವೆ ಪೂರ್ತಿ ನಿಂತುಹೋಗುವುದು ಅಪರೂಪ. ಮುಂದೆ ಹೋಗುವುದು ಮಾತ್ರ ಆಗುತ್ತಿರುತ್ತದೆ, ಅದರಲ್ಲೂ ಹತ್ತಿರದವರು ತೀರಿಕೊಂಡು ಸೂತಕ ಬಂದಾಗ. ಅಂಥ ಹೊತ್ತಿನಲ್ಲಿ ಮನೆಯವರನ್ನು ಹಣದ ಲೆಕ್ಕಕ್ಕೆ ನಿಲ್ಲಿಸುವುದು ಕ್ರೂರ. 'ಎರಡೂ ಕಡೆಯ ಹತ್ತಿರದ ಸಂಬಂಧಿಕರ ಸಾವು, ಸೂತಕ, ವಧೂವರರ ಗಂಭೀರ ಕಾಯಿಲೆ, ಈ ಕಾರಣಕ್ಕೆ ಒಂದು ವರ್ಷದೊಳಗೆ ಖಾಲಿ ಇರುವ ಬೇರೆ ದಿನಕ್ಕೆ ಒಂದು ಸಲ ಹೆಚ್ಚಿನ ಹಣವಿಲ್ಲದೆ ಬದಲಿಸಿಕೊಡುತ್ತೇವೆ' ಅಂತ ಬರೆಸಿ. ಸೂತಕ ಅನ್ನುವ ಪದವನ್ನೇ ಹಾಕಿಸಿ, ಎಲ್ಲರಿಗೂ ಅರ್ಥ ಆಗುತ್ತದೆ. ಅದನ್ನು ಕೇಳಿದಾಗ ಇಲ್ಲ ಅನ್ನುವವರು ಕಡಿಮೆ, ಅವರ ಮನೆಯಲ್ಲೂ ಮದುವೆಗಳು ನಡೆದಿರುತ್ತವೆ.

ಸರ್ಕಾರದ ಆದೇಶದಿಂದ ನಿಂತರೆ ಏನು ಅಂತಲೂ ಒಂದು ಸಾಲು ಬೇಕು. 2020ರ ಲಾಕ್‌ಡೌನ್ ನೆನಪಿದೆಯಲ್ಲ. ಕಾನೂನಿನ ಪ್ರಕಾರ ಕರಾರು ನಡೆಸುವುದೇ ಅಸಾಧ್ಯ ಆದರೆ ಅದು ಬಿದ್ದುಹೋಗುತ್ತದೆ, ತೆಗೆದುಕೊಂಡ ಹಣ ವಾಪಸ್ ಕೊಡಬೇಕು. ಕರಾರು ಕಾಯ್ದೆಯ 56 ಮತ್ತು 65ನೇ ಸೆಕ್ಷನ್‌ಗಳಲ್ಲಿ ಅದಿದೆ. ಆದರೆ ಆಮೇಲೆ 50 ಜನಕ್ಕೆ ಮದುವೆ ಮಾಡಬಹುದು ಅಂತ ಆದಾಗ ಗೊಂದಲ ಶುರುವಾಯಿತು. 'ಹಾಲ್ ತೆರೆದಿದೆ, ನೀವೇ ಬರಲಿಲ್ಲ' ಅಂತ ಛತ್ರದವರು, 'ಐವತ್ತು ಜನಕ್ಕೆ ಇಷ್ಟು ದೊಡ್ಡ ಹಾಲ್ ಯಾಕೆ' ಅಂತ ಮನೆಯವರು. ಜನರ ಸಂಖ್ಯೆಗೆ ಮಿತಿ ಬಂದರೂ ದಿನ ಬದಲಿಸುವ ಹಕ್ಕು ಇರಲಿ. ಚುನಾವಣೆ ಕೆಲಸಕ್ಕೆ ಕಟ್ಟಡವನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ಅವಕಾಶವೂ ಕಾನೂನಿನಲ್ಲಿದೆ, ಅದನ್ನೂ ಸೇರಿಸಿ.

ಮತ್ತೆ, ಛತ್ರದವರೇ ಕೊಡಲ್ಲ ಅಂದರೆ? ರಸೀದಿ ಹಿಂದಿನ ಷರತ್ತುಗಳಲ್ಲಿ ಇದನ್ನು ನಾನು ಕಂಡಿದ್ದು ಬಹಳ ಕಡಿಮೆ. ಒಂದೇ ದಿನಕ್ಕೆ ಇಬ್ಬರಿಗೆ ಬುಕ್ ಮಾಡಿರಬಹುದು, ರಿಪೇರಿ ಕೆಲಸ ಮುಗಿಯದೆ ಇರಬಹುದು. ಪೂರ್ತಿ ಹಣ ವಾಪಸ್, ಜೊತೆಗೆ ಅದೇ ದಿನಕ್ಕೆ ಬೇರೆ ಹಾಲ್ ಹಿಡಿಯಲು ಆಗುವ ಹೆಚ್ಚಿನ ಖರ್ಚು, ಮತ್ತೆ ಅಚ್ಚು ಹಾಕಿಸಬೇಕಾದ ಲಗ್ನಪತ್ರಿಕೆಯ ಖರ್ಚು ಅವರು ಕೊಡಬೇಕು ಅಂತ ಬರೆಸಿ. ನಿಮಗೆ ಮಾತ್ರ ದಂಡ, ಅವರಿಗೆ ಏನೂ ಇಲ್ಲ ಅನ್ನುವ ಕರಾರು ಸರಿಯಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇಂಥ ಒಂದು ಕಡೆಗೆ ವಾಲಿದ ಷರತ್ತುಗಳನ್ನು ಅನ್ಯಾಯದ ಕರಾರು ಅಂತಲೇ ಗುರುತಿಸುತ್ತದೆ. ನಷ್ಟಕ್ಕೆ ಹೊಂದದ ದಂಡ, ವಿಪರೀತ ಡೆಪಾಸಿಟ್, ಕಾರಣವಿಲ್ಲದೆ ಒಬ್ಬರೇ ಮುರಿಯುವ ಹಕ್ಕು, ಇವೆಲ್ಲ ಅದರಲ್ಲಿ ಬರುತ್ತವೆ.

ಆ ದಿನಕ್ಕೆ ಸಂಬಂಧಿಸಿದ ಸಣ್ಣ ಪುಟ್ಟ ನಿಯಮಗಳೂ ಇವೆ. ಹೋಮಕ್ಕೆ ಬೆಂಕಿ ಹಾಕಬಹುದಾ, ಎಲ್ಲಿ? ಪಾರ್ಟಿ ಹಾಲ್‌ಗಳಲ್ಲಿ, ಎಸಿ ಹಾಲ್‌ಗಳಲ್ಲಿ ಹೊಗೆ ಬೇಡ ಅಂತಾರೆ, ಪುರೋಹಿತರು ಬಂದ ಮೇಲೆ ಇದು ಗೊತ್ತಾಗಬಾರದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಇದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಮುಚ್ಚಿದ ಹಾಲ್ ಒಳಗೆ ಪರವಾಗಿಲ್ಲ, ಟೆರೇಸ್ ಮೇಲೆ ಆರ್ಕೆಸ್ಟ್ರಾ ಅಂದರೆ ಹತ್ತಕ್ಕೆ ನಿಲ್ಲಿಸಬೇಕು. ಹಾಡು ಹಾಕೋಕೆ ಲೈಸೆನ್ಸ್ ಹಣ ಕೊಡಿ ಅಂತ ಯಾರಾದರೂ ಕೇಳಿದರೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಂಭ್ರಮಗಳಿಗೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ ಅಂತ ಹೇಳಿ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿದೆ. ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ, ಪೇಪರ್ ರೋಲ್ ತರಲು ಅಡುಗೆಯವರಿಗೆ ಹೇಳಿ. ದಂಡ ಬಿದ್ದರೆ ಛತ್ರದವರು ಅದನ್ನು ನಿಮ್ಮ ಡೆಪಾಸಿಟ್‌ನಲ್ಲಿ ಹಿಡಿಯುತ್ತಾರೆ.

ಡೆಪಾಸಿಟ್ ಅಂದೆ ನೋಡಿ. ಅದು ಬಾಡಿಗೆ ಅಲ್ಲ, ವಾಪಸ್ ಬರಬೇಕಾದ ಹಣ. ಎಷ್ಟು ದಿನದಲ್ಲಿ, ಯಾವ ಖಾತೆಗೆ ಅಂತ ಬರೆದಿರಲಿ. ಹಾಲ್ ಕೈಗೆ ಬಂದ ಕೂಡಲೇ ಸೋದರಮಾವನ ಮಗನೋ ಚಿಕ್ಕಪ್ಪನ ಮಗನೋ, ಮದುವೆ ಶಾಸ್ತ್ರದಲ್ಲಿ ಕೆಲಸವಿಲ್ಲದ ಒಬ್ಬ ಹುಡುಗನಿಗೆ ಇದನ್ನೇ ವಹಿಸಿ. ಗೋಡೆ, ಕುರ್ಚಿ, ನಲ್ಲಿ, ಬಾತ್‌ರೂಮು, ಎಲ್ಲದರ ವಿಡಿಯೋ ಮಾಡಲಿ. ಪಾತ್ರೆಗಳನ್ನು ಎಣಿಸಿ ತೆಗೆದುಕೊಳ್ಳಲಿ, ಎಣಿಸಿ ಒಪ್ಪಿಸಲಿ, ಎರಡು ಸಲವೂ ಛತ್ರದವರ ಸಹಿ ಇರಲಿ. ಮದುಮಗಳ ಅಪ್ಪನ ಮೇಲೆ ಈ ಕೆಲಸ ಹಾಕಬೇಡಿ.

ಇಷ್ಟೆಲ್ಲ ಕೇಳಿದರೆ ಒಪ್ಪುತ್ತಾರಾ? ಎಲ್ಲಕ್ಕೂ ಒಪ್ಪುವುದಿಲ್ಲ. ಸಮಯ, ಹೆಚ್ಚಿನ ಖರ್ಚಿನ ಪಟ್ಟಿ, ದಿನ ಬದಲಾವಣೆ, ಅವರೇ ರದ್ದು ಮಾಡಿದರೆ ಏನು, ಈ ನಾಲ್ಕನ್ನು ಬಿಡಬೇಡಿ. ಉಳಿದದ್ದರಲ್ಲಿ ಹೊಂದಿಕೊಳ್ಳಿ. ಕರಾರು ಇಂಗ್ಲಿಷ್‌ನಲ್ಲೇ ಇರಬೇಕು ಅಂತಿಲ್ಲ, ಅಪ್ಪ ಓದಿ ಸಹಿ ಹಾಕುವ ಹಾಗೆ ಕನ್ನಡದಲ್ಲೇ ಇರಲಿ. ಛತ್ರದ ಲೆಟರ್‌ಹೆಡ್ ಮೇಲೆ ಸೀಲು, ಎರಡೂ ಕಡೆಯ ಸಹಿ, ಒಂದೊಂದು ಪ್ರತಿ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಆದರೆ ಇನ್ನೂ ಒಳ್ಳೆಯದು. ಹಳೆಯ ರಸೀದಿಯ ಷರತ್ತಿಗೂ ಇದಕ್ಕೂ ವ್ಯತ್ಯಾಸ ಬಂದರೆ ಇದೇ ಊರ್ಜಿತ ಅಂತ ಒಂದು ಸಾಲು ಇರಬೇಕು, ಇಲ್ಲದಿದ್ದರೆ ಎರಡರಲ್ಲಿ ಯಾವುದು ಅಂತ ಮತ್ತೆ ಜಗಳ.

ಸಹಿ ಹಾಕಲ್ಲ, ಬಾಯಲ್ಲಿ ಹೇಳಿದ್ದು ಸಾಕು ಅಂತ ಹಟ ಹಿಡಿದರೆ, ಆ ಮಾತುಗಳನ್ನೇ ಒಂದೊಂದಾಗಿ ಬರೆದು ಛತ್ರದ ಇಮೇಲ್‌ಗೆ, ಮ್ಯಾನೇಜರ್‌ನ ವಾಟ್ಸಾಪ್‌ಗೆ ಕಳಿಸಿ. 'ಇವತ್ತು ನೀವು ಹೇಳಿದ್ದು ಇಷ್ಟು, ಸರಿ ಇದೆ ಅಂತ ತಿಳಿಸಿ, ತಿಳಿಸಿದ ಮೇಲೆ ಬಾಕಿ ಹಣ ಹಾಕುತ್ತೇವೆ' ಅಂತ. 'ಓಕೆ ಸಾರ್' ಅಂತ ಬಂದ ಒಂದು ಉತ್ತರವೂ ಸಾಕ್ಷಿ ಆಗುತ್ತದೆ. ಅದನ್ನು ಅಳಿಸಬೇಡಿ, ಫೋನ್ ಬದಲಿಸುವುದಾದರೆ ಬ್ಯಾಕಪ್ ಇಡಿ.

ಕೊನೆಗೆ ಹಣ ಸಿಕ್ಕಿಹಾಕಿಕೊಂಡರೆ ದಾರಿ ಇದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಲ್ಲಿ ಆಗದಿದ್ದರೆ ಛತ್ರಕ್ಕೆ ಲಿಖಿತ ನೋಟಿಸ್ ಕೊಟ್ಟು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ದೂರು ಕೊಡುವವರು ಇರುವ ಅಥವಾ ಕೆಲಸ ಮಾಡುವ ಊರಿನಲ್ಲೂ ಅದನ್ನು ದಾಖಲಿಸಬಹುದು, ಛತ್ರ ಇರುವ ಊರಿಗೇ ಅಲೆಯಬೇಕು ಅಂತಿಲ್ಲ. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಸಮಸ್ಯೆ ಆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆ ವಾಟ್ಸಾಪ್ ಮಾತುಕತೆಯ ಪ್ರಿಂಟ್ ಮತ್ತು ಅದೇ ದಿನ ಅಲ್ಲಿ ಬೇರೆಯವರ ಮದುವೆ ನಡೆದಿದ್ದರೆ ಅವರ ಲಗ್ನಪತ್ರಿಕೆಯ ಒಂದು ಪ್ರತಿ, ಇವನ್ನು ದೂರಿನ ಜೊತೆ ಇಡಿ. ಛತ್ರಕ್ಕೆ ನಷ್ಟ ಆಗಿಲ್ಲ ಅಂತ ತೋರಿಸುವುದಕ್ಕೆ ಆ ಲಗ್ನಪತ್ರಿಕೆಗಿಂತ ನೇರವಾದ ಕಾಗದ ಸಿಗುವುದು ಕಷ್ಟ.